ಗ್ರೀಸ್ ದ್ವೀಪದ ಹಳೇ ಮಹಲಿನಲ್ಲಿ ಉಳಿಯಬೇಕಾ? ಮೊದಲು ರೂಮ್ ಯಾವುದು ಅಂತ ಕೇಳಿ

ಹಳೇ ಮಹಲನ್ನು ಹೋಟೆಲ್ ಮಾಡಿರುವ ಕಡೆ ಒಂದು ರೂಮ್ ಇದ್ದ ಹಾಗೆ ಇನ್ನೊಂದು ಇರುವುದಿಲ್ಲ. ಯಜಮಾನರು ಬಂದವರನ್ನು ಕೂರಿಸಿ ಮಾತಾಡುತ್ತಿದ್ದ ಮಹಡಿಯ ಪಡಸಾಲೆ ಇವತ್ತು ಒಂದು ರೂಮ್. ಅಲ್ಲಿ ಚಾವಣಿ ತುಂಬಾ ಬಣ್ಣದ ಚಿತ್ರ, ಆಳೆತ್ತರದ ಕಿಟಕಿ, ಎದುರಿಗೆ ಬಂದರು. ಅದೇ ಮನೆಯ ಕೆಳಗೆ ಎಣ್ಣೆ, ಧಾನ್ಯ ತುಂಬಿಡುತ್ತಿದ್ದ ಉಗ್ರಾಣವೂ ಇವತ್ತು ಒಂದು ರೂಮೇ. ಅಲ್ಲಿ ಕಲ್ಲಿನ ಕಮಾನು, ಒಂದೇ ಒಂದು ಸಣ್ಣ ಕಿಟಕಿ, ನಡು ಮಧ್ಯಾಹ್ನವೂ ದೀಪ ಹಾಕಬೇಕು. ಬುಕಿಂಗ್ ಸೈಟಿನಲ್ಲಿ ಎರಡಕ್ಕೂ ‘ಡಬಲ್ ರೂಮ್’ ಅಂತಲೇ ಹೆಸರು, ಕೆಲವೊಮ್ಮೆ ರೇಟೂ ಹತ್ತಿರ ಹತ್ತಿರ. ಅದಕ್ಕೇ ಹೇಳುತ್ತಿದ್ದೇನೆ: ದ್ವೀಪ ಆರಿಸಿ, ಮನೆ ಆರಿಸಿ, ಆಮೇಲೆ ಪಟ್ಟು ಹಿಡಿದು ರೂಮ್ ಆರಿಸಿ. ಈ ಮೂರನೇ ಕೆಲಸವನ್ನೇ ಜನ ಬಿಟ್ಟುಬಿಡುತ್ತಾರೆ.

ಯಾವ ದ್ವೀಪ?

ಇಂಥ ಮನೆಗಳಿಗೆ ಗ್ರೀಕರು ಅರ್ಖೊಂದಿಕೊ ಅನ್ನುತ್ತಾರೆ. ಹುಡುಕುವಾಗ ಆ ಪದ ನೆನಪಿರಲಿ, ತುಂಬಾ ಹೋಟೆಲ್‌ಗಳ ಹೆಸರಿನಲ್ಲೇ ಅದು ಇರುತ್ತದೆ. ಆದರೆ ಎಲ್ಲಾ ದ್ವೀಪದಲ್ಲೂ ಇವು ಸಿಗುವುದಿಲ್ಲ. ಹಡಗು, ವ್ಯಾಪಾರ, ತೋಟ ಅಂತ ಹಣ ಹರಿದು ಬಂದ ಕಡೆ ಮಾತ್ರ ಕಟ್ಟಿದರು. ಆ ಹಣ ಎಲ್ಲಿಂದ ಬಂತು ಅಂತ ಸ್ವಲ್ಪ ತಿಳಿದುಕೊಂಡರೆ ಮನೆ ಯಾಕೆ ಹಾಗಿದೆ ಅಂತ ತಾನಾಗೇ ಅರ್ಥವಾಗುತ್ತದೆ.

ಹೈಡ್ರಾ ಅಥೆನ್ಸ್‌ಗೆ ಹತ್ತಿರ. ಪಿರೇಯಸ್ ಬಂದರಿನಿಂದ ವೇಗದ ಫೆರಿಯಲ್ಲಿ ಎರಡು ಗಂಟೆ ಒಳಗೆ ತಲುಪಬಹುದು. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಬ್ರಿಟಿಷ್ ನೌಕಾಪಡೆ ಬಂದರುಗಳಿಗೆ ಅಡ್ಡ ನಿಂತಿತ್ತು. ಇಲ್ಲಿನ ಕ್ಯಾಪ್ಟನ್‌ಗಳು ಆ ಕಾವಲು ತಪ್ಪಿಸಿ ಧಾನ್ಯ ಸಾಗಿಸಿ ವಿಪರೀತ ಹಣ ಮಾಡಿದರು. 18ನೇ ಶತಮಾನದ ಕೊನೆ, 19ರ ಶುರುವಿನ ಆ ಮನೆಗಳು ಹೊರಗಿನಿಂದ ಬೂದು ಕಲ್ಲಿನ ಕೋಟೆ ಥರ ಬಿಗಿಯಾಗಿವೆ, ಅಲಂಕಾರ ಎಲ್ಲಾ ಒಳಗೆ. ಒಟ್ಟೊಮನ್ ತುರ್ಕರ ಆಳ್ವಿಕೆ ವಿರುದ್ಧ 1821ರಲ್ಲಿ ಶುರುವಾದ ಸ್ವಾತಂತ್ರ್ಯ ಯುದ್ಧಕ್ಕೆ ಇದೇ ಕ್ಯಾಪ್ಟನ್‌ಗಳು ಹಡಗು, ಹಣ ಎರಡೂ ಸುರಿದರು. ಯುದ್ಧ ಮುಗಿಯುವಷ್ಟರಲ್ಲಿ ದ್ವೀಪದ ಕೈ ಬರಿದಾಗಿತ್ತು. ಆಮೇಲೆ ದೊಡ್ಡದಾಗಿ ಕಟ್ಟುವ ಶಕ್ತಿ ಇರಲಿಲ್ಲ, ಅದಕ್ಕೇ ಊರು ಹೆಚ್ಚುಕಡಿಮೆ ಹಾಗೇ ಉಳಿದಿದೆ. ಕಾರು, ಬೈಕು ಇಲ್ಲಿ ಓಡುವ ಹಾಗಿಲ್ಲ. ಕಸದ ಗಾಡಿ, ಆಂಬುಲೆನ್ಸ್ ಥರದ್ದು ಬಿಟ್ಟರೆ ಎಲ್ಲಾ ಸಾಮಾನು ಹೇಸರಗತ್ತೆ ಮೇಲೆ, ಇಲ್ಲವೇ ಕೈಗಾಡಿಯಲ್ಲಿ. ಆ ನಿಶ್ಶಬ್ದದಲ್ಲಿ ಹಳೇ ಮನೆಯಲ್ಲಿ ಮಲಗುವುದೇ ಬೇರೆ.

ಸಿರೋಸ್‌ನ ಕಥೆ ಬೇರೆ. 1822ರಲ್ಲಿ ಒಟ್ಟೊಮನ್ ಸೈನ್ಯ ನಡೆಸಿದ ಹತ್ಯಾಕಾಂಡದಲ್ಲಿ ಹಿಯೋಸ್ ದ್ವೀಪದಿಂದ, ಆಮೇಲೆ ಬೇರೆ ಕಡೆಗಳಿಂದಲೂ ಓಡಿ ಬಂದ ವ್ಯಾಪಾರಿಗಳು ಇಲ್ಲಿ ಎರ್ಮೂಪೊಲಿ ಅನ್ನುವ ಊರು ಕಟ್ಟಿದರು. ವ್ಯಾಪಾರದ ದೇವರು ಹರ್ಮಿಸ್‌ನ ಹೆಸರನ್ನೇ ಇಟ್ಟರು. ಕೆಲವು ದಶಕ ಗ್ರೀಸ್‌ನ ಅತಿ ದೊಡ್ಡ ಬಂದರು ಇದೇ ಆಗಿತ್ತು, ಆಮೇಲೆ ಪಿರೇಯಸ್ ಮುಂದೆ ಹೋಯಿತು. ವಪೋರಿಯಾ ಅನ್ನುವ ಬಡಾವಣೆಯಲ್ಲಿ ಹಡಗಿನ ಮಾಲೀಕರ ಮನೆಗಳು ನೇರ ಸಮುದ್ರದ ಮೇಲೇ ನಿಂತಿವೆ. ಅಮೃತಶಿಲೆ ಮೆಟ್ಟಿಲು, ಕಬ್ಬಿಣದ ಬಾಲ್ಕನಿ, ಬಣ್ಣದ ಚಾವಣಿ, ಎಲ್ಲಾ ನಿಯೋಕ್ಲಾಸಿಕಲ್ ಶೈಲಿ, ಅಂದರೆ ಪ್ರಾಚೀನ ಗ್ರೀಕ್ ರೋಮನ್ ಕಟ್ಟಡಗಳ ಮಾದರಿ. ಎರ್ನ್‌ಸ್ಟ್ ಜಿಲ್ಲರ್ ವಿನ್ಯಾಸ ಮಾಡಿದ ಟೌನ್ ಹಾಲ್, 1864ರ ಅಪೊಲೊನ್ ನಾಟಕಶಾಲೆ ನಡೆದು ಹೋಗುವಷ್ಟು ಹತ್ತಿರ. ಏಜಿಯನ್ ಸಮುದ್ರದ ಸಿಕ್ಲಡೀಸ್ ದ್ವೀಪಸಮೂಹದ ಆಡಳಿತ ಕೇಂದ್ರ ಇದು, ಹಾಗಾಗಿ ಟೂರಿಸ್ಟ್ ಹೋದ ಮೇಲೂ ಊರು ಊರಾಗಿಯೇ ಇರುತ್ತದೆ. ಮಾರ್ಚ್‌ನಲ್ಲೋ ನವೆಂಬರ್‌ನಲ್ಲೋ ಹೋಗುವವರಿಗೆ ನಾನು ಹೇಳುವುದು ಸಿರೋಸ್.

ನನಗೆ ಮನಸ್ಸು ಹತ್ತಿರ ಇರುವುದು ಮಾತ್ರ ಹಿಯೋಸ್. ಇಂಗ್ಲಿಷ್‌ನವರ ಬಾಯಲ್ಲಿ ಇದು ಕಿಯೋಸ್. ಮುಖ್ಯ ಪಟ್ಟಣದ ದಕ್ಷಿಣಕ್ಕೆ ಕಾಂಪೋಸ್ ಅನ್ನುವ ತೋಟದ ಬಯಲು ಇದೆ. 1346ರಿಂದ 1566ರವರೆಗೆ ದ್ವೀಪ ಆಳಿದ ಇಟಲಿಯ ಜಿನೋವಾದವರು ಇಲ್ಲಿ ಕಿತ್ತಳೆ, ನಿಂಬೆ ಜಾತಿಯ ತೋಟ ಮಾಡಿ ನಡುವೆ ಮನೆ ಕಟ್ಟಿದರು, ಆಮೇಲೆ ಹಿಯೋಸ್‌ನ ವ್ಯಾಪಾರಿ ಕುಟುಂಬಗಳು ಅದನ್ನೇ ಮುಂದುವರಿಸಿದವು. ರಸ್ತೆಯಲ್ಲಿ ಹೋದರೆ ಎರಡೂ ಕಡೆ ಎತ್ತರದ ಗೋಡೆ ಬಿಟ್ಟು ಏನೂ ಕಾಣುವುದಿಲ್ಲ. ಬಾಗಿಲು ತೆಗೆದರೆ ಕಪ್ಪು ಬಿಳಿ ಉರುಟು ಕಲ್ಲು ಜೋಡಿಸಿದ ಅಂಗಳ, ದೊಡ್ಡ ನೀರಿನ ತೊಟ್ಟಿ, ಪ್ರಾಣಿ ಕಟ್ಟಿ ಬಾವಿ ನೀರು ಎತ್ತುತ್ತಿದ್ದ ಮಂಗನೊ ಅನ್ನುವ ಚಕ್ರ, ಮೇಲೆ ದ್ರಾಕ್ಷಿ ಚಪ್ಪರ, ಸುತ್ತ ಮರಗಳು. ಗೋಡೆಗೆ ಬಳಸಿದ್ದು ತಿಮಿಯಾನ ಊರಿನ ಕಲ್ಲು, ಕೆಂಪು ಹಳದಿ ಛಾಯೆ ಬೆರೆತಿರುತ್ತದೆ. 1822ರ ನಾಶ, 1881ರ ಭೂಕಂಪ ಎರಡರಲ್ಲೂ ಎಷ್ಟೋ ಮನೆ ಬಿದ್ದವು, ಕೆಲವು ಇವತ್ತಿಗೂ ಗೋಡೆ ಮಾತ್ರ. ಉಳಿದು ರಿಪೇರಿಯಾದ ಕೆಲವು ಗೆಸ್ಟ್ ಹೌಸ್ ಆಗಿವೆ. ಏಪ್ರಿಲ್ ಸುಮಾರಿಗೆ ಹೂ ಬಿಟ್ಟಾಗ ಇಡೀ ಬಯಲೇ ಘಮ್ಮನ್ನುತ್ತದೆ. ಇಲ್ಲಿ ಬೀಚ್ ಕಾಲಬುಡದಲ್ಲಿ ಇಲ್ಲ, ಬಾಡಿಗೆ ಕಾರು ಬೇಕು, ಓಣಿಗಳು ತೀರಾ ಇಕ್ಕಟ್ಟು. ಆದರೂ ಮನೆಯನ್ನೇ ಅನುಭವಿಸಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಸಿಮಿ ದ್ವೀಪದಲ್ಲಿ ಸಮುದ್ರ ಸ್ಪಂಜಿನ ವ್ಯಾಪಾರದಿಂದ ಬೆಳೆದ ಬಣ್ಣದ ಮನೆಗಳಿವೆ, ಮೇಲಿನ ಊರಿಗೆ ನೂರಾರು ಮೆಟ್ಟಿಲು ಹತ್ತಬೇಕು. ರೋಡ್ಸ್ ದ್ವೀಪದ ಲಿಂಡೋಸ್‌ನಲ್ಲಿ 17ನೇ ಶತಮಾನದ ಕ್ಯಾಪ್ಟನ್ ಮನೆಗಳಿವೆ, ಹಗಲು ಹೊತ್ತು ಜನಜಂಗುಳಿ ಜಾಸ್ತಿ. ಸ್ಪೆಟ್ಸೆಸ್ ದ್ವೀಪದ ಪೊಸೈಡೋನಿಯನ್ ತುಂಬಾ ಚೆಂದ, ಆದರೆ ಅದು 1914ರಲ್ಲಿ ಹೋಟೆಲ್ ಆಗಿಯೇ ಶುರುವಾದದ್ದು. ಒಂದು ಕುಟುಂಬ ಬಾಳಿದ ಮನೆಯ ಹದ ಅಲ್ಲಿ ಹುಡುಕಬೇಡಿ.

ರೂಮ್ ಆರಿಸುವುದು

ಸೈಟಿನಲ್ಲಿ ಬಟನ್ ಒತ್ತುವ ಮೊದಲು ಹೋಟೆಲ್‌ಗೆ ನೇರ ಮೇಲ್ ಬರೆಯಿರಿ. ಇಂಥ ಜಾಗಗಳು ಹೆಚ್ಚಾಗಿ ಹತ್ತಿಪ್ಪತ್ತು ರೂಮಿನವು, ಮನೆಯವರೇ ನಡೆಸುತ್ತಾರೆ, ಇಂಗ್ಲಿಷ್‌ನಲ್ಲಿ ಬರೆದರೆ ಉತ್ತರ ಬರುತ್ತದೆ.

ಮೊದಲ ಪ್ರಶ್ನೆ: ಈ ರೂಮ್ ಹಳೇ ಮನೆಯ ಒಳಗಿದೆಯಾ, ಹಿಂದೆ ಹೊಸದಾಗಿ ಕಟ್ಟಿದ ಭಾಗದಲ್ಲಿದೆಯಾ? ಜಾಹೀರಾತಿನಲ್ಲಿ ಚಿತ್ರದ ಚಾವಣಿ ಹಾಕಿ, ಅರ್ಧ ರೂಮು ಪಕ್ಕದ ಹೊಸ ಕಟ್ಟಡದಲ್ಲಿ ಇರುವ ಜಾಗಗಳು ಇವೆ. ಅದರಲ್ಲಿ ಮೋಸ ಏನಿಲ್ಲ, ಹೊಸ ಭಾಗದಲ್ಲಿ ಬಾತ್‌ರೂಮ್ ದೊಡ್ಡದು, ಸದ್ದೂ ಕಡಿಮೆ. ಆದರೆ ನೀವು ದುಡ್ಡು ಕೊಡುತ್ತಿರುವುದು ಹಳೇ ಮನೆಗೆ ತಾನೇ?

ಎರಡನೆಯದು: ಎಷ್ಟನೇ ಮಹಡಿ? ಈ ಮನೆಗಳ ಲೆಕ್ಕಾಚಾರ ಇದರಲ್ಲೇ ಇದೆ. ನೆಲಮಟ್ಟದಲ್ಲಿ ಸಾಮಾನ್ಯವಾಗಿ ಉಗ್ರಾಣ, ನೀರಿನ ತೊಟ್ಟಿ, ಅಡುಗೆಯ ಕೆಲಸ ಇರುತ್ತಿತ್ತು. ಗೋಡೆ ದಪ್ಪ, ಕಿಟಕಿ ಸಣ್ಣದು. ಜುಲೈ ಆಗಸ್ಟ್‌ನಲ್ಲಿ ಎಸಿ ಇಲ್ಲದೆಯೂ ತಂಪು, ಆದರೆ ಮಳೆಗಾಲವಾದ ಚಳಿ ತಿಂಗಳುಗಳಲ್ಲಿ ತೇವದ ವಾಸನೆ ಬರಬಹುದು. ಅದರ ಮೇಲಿನ ಮಹಡಿಯೇ ಮನೆಯ ಮುಖ. ಎತ್ತರದ ಚಾವಣಿ, ದೊಡ್ಡ ಕಿಟಕಿ, ಬಾಲ್ಕನಿ, ಚಿತ್ರ, ಎಲ್ಲಾ ಅಲ್ಲಿಗೇ ಮಾಡಿಸಿದ್ದು. ರೇಟು ಜಾಸ್ತಿ, ಆದರೆ ಒಂದು ರಾತ್ರಿ ಕಡಿಮೆ ಮಾಡಿಯಾದರೂ ಈ ಮಹಡಿಯನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಅದಕ್ಕೂ ಮೇಲೆ, ಹೆಂಚಿನ ಕೆಳಗೆ ಇರುವ ರೂಮು ನೋಟಕ್ಕೆ ಅದ್ಭುತ, ಬೇಸಿಗೆಯಲ್ಲಿ ಬಿಸಿ, ಇಳಿಜಾರು ಚಾವಣಿಗೆ ತಲೆ ತಾಗುತ್ತದೆ. ಮೇ ತಿಂಗಳಿಗೆ ಅದು ಸರಿ, ಆಗಸ್ಟ್‌ಗೆ ಬೇಡ.

ಆಮೇಲೆ ಮೆಟ್ಟಿಲು. ಇದನ್ನು ನಾಚಿಕೊಳ್ಳದೆ ಎರಡು ಸಲ ಕೇಳಿ: ಬಂದರಿನಿಂದ ಹೋಟೆಲ್ ಬಾಗಿಲಿಗೆ ಎಷ್ಟು ಮೆಟ್ಟಿಲು, ಬಾಗಿಲಿನಿಂದ ರೂಮಿಗೆ ಎಷ್ಟು? ‘ಬಂದರಿನಿಂದ 300 ಮೀಟರ್’ ಅಂತ ಬರೆದಿರುತ್ತಾರೆ, ಆ 300 ಮೀಟರ್ ಹೈಡ್ರಾದಲ್ಲೋ ಸಿಮಿಯಲ್ಲೋ ಆದರೆ ಪೂರ್ತಿ ಏರು. ಲಿಫ್ಟ್ ನಿರೀಕ್ಷೆ ಮಾಡಬೇಡಿ. ಇವುಗಳಲ್ಲಿ ಹೆಚ್ಚಿನವು ಕಾನೂನಿನ ರಕ್ಷಣೆ ಇರುವ ಕಟ್ಟಡಗಳು, ಗೋಡೆ ಒಡೆಯಲು, ಕಿಟಕಿ ಬದಲಿಸಲು, ಹೊರಗೆ ಎಸಿ ಪೆಟ್ಟಿಗೆ ತೂಗಿಸಲು ಮಾಲೀಕರು ಅನುಮತಿ ತೆಗೆದುಕೊಳ್ಳಬೇಕು. ಹಳೇ ಮರದ ಕಿಟಕಿ ಉಳಿದದ್ದೂ ಅದರಿಂದಲೇ, ಆ ಕಿಟಕಿಯ ಸಂದಿಯಿಂದ ಸದ್ದು ಬರುವುದೂ ಅದರಿಂದಲೇ. ಮಂಡಿ ನೋವಿರುವ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದರೆ ಎರ್ಮೂಪೊಲಿಯ ಕೆಳಭಾಗ ಅಥವಾ ಕಾಂಪೋಸ್ ನೋಡಿ, ಎರಡೂ ಕಡೆ ಮಟ್ಟಸ ನೆಲ ಸಿಗುತ್ತದೆ. ತೀರಾ ಚಿಕ್ಕ ಮಕ್ಕಳಿದ್ದರೆ ಬಾಲ್ಕನಿಯ ಕಂಬಿ ಎಷ್ಟು ಎತ್ತರ, ಅಂಗಳದ ತೊಟ್ಟಿಗೆ ಮುಚ್ಚಳ ಇದೆಯಾ ಅಂತಲೂ ಕೇಳಿ. ಹಳೇ ಕಾಲದ ಕಂಬಿಗಳು ಈಗಿನ ಅಳತೆಗೆ ಇರುವುದಿಲ್ಲ.

ಸದ್ದಿನ ವಿಷಯ. ಬಂದರಿನ ಕಡೆ ನೋಟ ಅಂದರೆ ಬಂದರಿನ ಸದ್ದೂ ಜೊತೆಗೆ ಬರುತ್ತದೆ. ಬೇಸಿಗೆ ರಾತ್ರಿ ಕೆಳಗಿನ ಬಾರು ಒಂದು ಎರಡು ಗಂಟೆವರೆಗೆ ನಡೆಯಬಹುದು. ಮರದ ನೆಲ ಆದ್ದರಿಂದ ಮೇಲಿನವರು ಓಡಾಡಿದ್ದೂ ಕೇಳುತ್ತದೆ. ನಿದ್ದೆ ಸೂಕ್ಷ್ಮ ಇರುವವರು ಅಂಗಳದ ಕಡೆಯ ರೂಮ್ ಕೇಳಿ, ಸಮುದ್ರ ನೋಡಲು ಟೆರೇಸ್ ಇದ್ದೇ ಇರುತ್ತದೆ. ಹಾಗೇ ಮಂಚ ಒಂದೇ ಹಾಸಿಗೆಯದ್ದಾ, ಎರಡನ್ನು ಸೇರಿಸಿದ್ದಾ, ಬಾತ್‌ರೂಮ್ ರೂಮಿನ ಒಳಗೇ ಇದೆಯಾ, ಕಿಟಕಿಗೆ ಸೊಳ್ಳೆ ಪರದೆ ಇದೆಯಾ, ಇವನ್ನೂ ಅದೇ ಮೇಲ್‌ನಲ್ಲಿ ಹಾಕಿಬಿಡಿ. ಎಷ್ಟೋ ಕಡೆ ರೂಮಿಗೆ ನಂಬರ್ ಬದಲು ಹೆಸರು ಇರುತ್ತದೆ. ‘ಇಂಥ ಹೆಸರಿನ ರೂಮಿನ ಫೋಟೋ ಕಳಿಸಿ, ಅದನ್ನೇ ನಮ್ಮ ಬುಕಿಂಗ್‌ನಲ್ಲಿ ಬರೆದು ಖಚಿತ ಮಾಡಿ’ ಅಂತ ಕೇಳಿ. ಬರಹದಲ್ಲಿ ಇದ್ದರೆ ಅಲ್ಲಿ ಹೋದಾಗ ಮಾತಿಗೆ ಮಾತು ಬೆಳೆಯುವುದಿಲ್ಲ.

ದುಡ್ಡು, ತಿಂಗಳು, ವೀಸಾ

ಮೇ ಮಧ್ಯದಿಂದ ಜೂನ್ ಮಧ್ಯ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯ. ಇಷ್ಟೇ ನನ್ನ ಸಲಹೆ. ಆಗಸ್ಟ್ 15 ಮೇರಿ ಮಾತೆಯ ಹಬ್ಬ, ಆ ವಾರ ಇಡೀ ಗ್ರೀಸೇ ದ್ವೀಪಗಳಲ್ಲಿ ಇರುತ್ತದೆ, ರೂಮೂ ಸಿಗದು, ಫೆರಿಯೂ ಸಿಗದು. ಆರ್ಥೊಡಾಕ್ಸ್ ಈಸ್ಟರ್ ವಾರವೂ ಅಷ್ಟೇ, 2027ರಲ್ಲಿ ಅದು ಮೇ 2ಕ್ಕೆ ಬರುತ್ತದೆ. ಆ ವಾರದ ಮೆರವಣಿಗೆ, ಮಧ್ಯರಾತ್ರಿಯ ಮೇಣದ ಬತ್ತಿ ನೋಡಬೇಕು ಅನ್ನಿಸಿದರೆ ಆರು ತಿಂಗಳು ಮುಂಚೆ ಬುಕ್ ಮಾಡಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಇಂಥ ಹೋಟೆಲ್‌ಗಳಲ್ಲಿ ಬಹಳಷ್ಟು ಮುಚ್ಚಿರುತ್ತವೆ.

ರೂಮ್ ಬಾಡಿಗೆ ಜೊತೆಗೆ ಹವಾಮಾನ ಶುಲ್ಕ ಅಂತ ಒಂದು ಸರ್ಕಾರಿ ಶುಲ್ಕ ಇದೆ. ಇದು ಒಬ್ಬರಿಗೆ ಇಷ್ಟು ಅಂತ ಅಲ್ಲ, ರೂಮಿಗೆ, ರಾತ್ರಿಗೆ. 2025ರಲ್ಲಿ ಏರಿದ ದರದ ಪ್ರಕಾರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಂದು ಎರಡು ಸ್ಟಾರ್ ಹೋಟೆಲಿಗೆ 2 ಯೂರೋ, ಮೂರು ಸ್ಟಾರ್‌ಗೆ 5, ನಾಲ್ಕಕ್ಕೆ 10, ಐದಕ್ಕೆ 15. ಚಳಿಗಾಲದಲ್ಲಿ ಕಡಿಮೆ. ಬುಕಿಂಗ್ ಮೊತ್ತದಲ್ಲಿ ಸಾಮಾನ್ಯವಾಗಿ ಇದು ಸೇರಿರುವುದಿಲ್ಲ, ಹೋಟೆಲಿನಲ್ಲೇ ಕೊಡಬೇಕು. ನಾಲ್ಕು ಸ್ಟಾರ್ ಮಹಲಿನಲ್ಲಿ ನಾಲ್ಕು ರಾತ್ರಿಗೆ 40 ಯೂರೋ ಅಂದರೆ ಸಣ್ಣ ಮೊತ್ತ ಅಲ್ಲ, ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಕೆಲವು ಮಹಲುಗಳಿಗೆ ಸ್ಟಾರ್ ಬದಲು ಕೀಲಿಯ ಗುರುತು ಇರುತ್ತದೆ. ಅದು ಬಾಡಿಗೆ ರೂಮುಗಳಿಗೆ ಕೊಡುವ ದರ್ಜೆ, ಹೋಟೆಲ್ ದರ್ಜೆ ಅಲ್ಲ, ಅದರಿಂದ ಮನೆ ಕಳಪೆ ಅಂತ ತಿಳಿಯಬೇಡಿ.

ಷೆಂಗೆನ್ ವೀಸಾ (ಗ್ರೀಸ್ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಬೇಕಾದವರು ಪ್ರಯಾಣಕ್ಕೆ ಆರು ತಿಂಗಳು ಮೊದಲಿಂದ ಅರ್ಜಿ ಹಾಕಬಹುದು, ಉಳಿಯುವ ಜಾಗದ ಬುಕಿಂಗ್ ತೋರಿಸಬೇಕು. ಸಣ್ಣ ಮಹಲು ಹೋಟೆಲ್‌ಗಳ ಕ್ಯಾನ್ಸಲ್ ನಿಯಮ ದೊಡ್ಡ ಹೋಟೆಲ್‌ಗಳಿಗಿಂತ ಬಿಗಿ. ಎಂಟೇ ರೂಮಿದ್ದಾಗ ಒಂದು ಖಾಲಿ ಬಿದ್ದರೂ ಅವರಿಗೆ ಪೆಟ್ಟು. ವೀಸಾ ಬರುವ ತನಕ ಉಚಿತವಾಗಿ ರದ್ದು ಮಾಡಲು ಬಿಡುತ್ತೀರಾ ಅಂತ ಕೇಳಿ ನೋಡಿ, ಕಾರಣ ಹೇಳಿದರೆ ಎಷ್ಟೋ ಜನ ಒಪ್ಪುತ್ತಾರೆ.

ತಲುಪುವುದು

ಅಥೆನ್ಸ್ ವಿಮಾನ ನಿಲ್ದಾಣದಿಂದ ಪಿರೇಯಸ್‌ಗೆ 2022ರಿಂದ ನೇರ ಮೆಟ್ರೋ ಇದೆ, ಸುಮಾರು ಒಂದು ಗಂಟೆ. ರಾತ್ರಿ ಇಳಿದರೆ ಎಕ್ಸ್96 ಬಸ್ಸು ದಿನದ 24 ಗಂಟೆಯೂ ಓಡುತ್ತದೆ. ಪಿರೇಯಸ್ ತುಂಬಾ ದೊಡ್ಡ ಬಂದರು, ಗೇಟುಗಳ ನಡುವೆ ದೂರ ಜಾಸ್ತಿ, ಟಿಕೆಟ್ ಮೇಲೆ ಯಾವ ಗೇಟ್ ಅಂತ ನೋಡಿಕೊಂಡೇ ಹೊರಡಿ. ಸಿರೋಸ್‌ಗೆ ದೊಡ್ಡ ಫೆರಿ ನಾಲ್ಕು ಗಂಟೆ ಹತ್ತಿರ ತೆಗೆದುಕೊಳ್ಳುತ್ತದೆ. ಹಿಯೋಸ್‌ಗೆ ರಾತ್ರಿ ಫೆರಿ ಒಳ್ಳೆಯದು, ಕ್ಯಾಬಿನ್ ತೆಗೆದುಕೊಂಡು ಮಲಗಿದರೆ ಬೆಳಗ್ಗೆ ದ್ವೀಪ. ವಿಮಾನವೂ ಇದೆ.

ಜುಲೈ ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದ ಮೇಲೆ ಮೆಲ್ತೆಮಿ ಅನ್ನುವ ಉತ್ತರದ ಗಾಳಿ ಬೀಸುತ್ತದೆ. ಗಾಳಿ ಜೋರಾದರೆ ಫೆರಿ ಬಂದರು ಬಿಡುವ ಹಾಗಿಲ್ಲ, ಸಣ್ಣ ವೇಗದ ಹಡಗುಗಳು ಮೊದಲು ನಿಲ್ಲುತ್ತವೆ. ಹೈಡ್ರಾ ಕಡೆ ಇದರ ಕಾಟ ಕಡಿಮೆ. ಫೆರಿ ರದ್ದಾದರೆ ದುಡ್ಡು ವಾಪಸ್ಸು ಅಥವಾ ಬೇರೆ ಪ್ರಯಾಣ ಕೇಳುವ ಹಕ್ಕು ನಿಮಗೆ ಇದೆ, ಆದರೆ ತಪ್ಪಿದ ವಿಮಾನವನ್ನು ಯಾರೂ ತಂದುಕೊಡುವುದಿಲ್ಲ. ಹಾಗಾಗಿ ಊರಿಗೆ ಹೊರಡುವ ಹಿಂದಿನ ರಾತ್ರಿ ಅಥೆನ್ಸ್‌ನಲ್ಲೇ ಇರಿ. ಮೇ 1ರಂದು ಎಷ್ಟೋ ವರ್ಷ ಹಡಗಿನ ಕೆಲಸಗಾರರ ಮುಷ್ಕರ ಇರುತ್ತದೆ, ಆ ದಿನ ಪ್ರಯಾಣ ಇಟ್ಟುಕೊಳ್ಳಬೇಡಿ.

ಲಗೇಜು ಸಣ್ಣದಾಗಿರಲಿ, ಭುಜಕ್ಕೆ ಹಾಕುವಂಥದ್ದಾದರೆ ಇನ್ನೂ ಒಳ್ಳೆಯದು. ಕಲ್ಲು ಹಾಸಿನ ಏರು ದಾರಿಯಲ್ಲಿ ಚಕ್ರದ ಸೂಟ್‌ಕೇಸ್ ಎಳೆಯುವುದು ನಿಮಗೂ ಕಷ್ಟ, ಮಧ್ಯಾಹ್ನ ಮಲಗಿರುವ ಬೀದಿಗೂ ಕಿರಿಕಿರಿ. ಹೈಡ್ರಾದಲ್ಲಿ ಯಾವ ಫೆರಿಗೆ ಬರುತ್ತೀರಿ ಅಂತ ಹೋಟೆಲಿಗೆ ಮೊದಲೇ ತಿಳಿಸಿದರೆ ಲಗೇಜ್ ಹೊತ್ತೊಯ್ಯಲು ಯಾರನ್ನಾದರೂ ಕಳಿಸುತ್ತಾರೆ. ಹೇಸರಗತ್ತೆಯಾದರೆ ದರ ಮೊದಲೇ ಮಾತಾಡಿ. ಪೆಟ್ಟಿಗೆ ಅದು ಹೊರಲಿ, ನಿಮಗೆ ಕಾಲು ಗಟ್ಟಿ ಇದ್ದರೆ ನಡೆದು ಹೋಗಿ. ಮಟಮಟ ಮಧ್ಯಾಹ್ನ ಆ ಪ್ರಾಣಿಗಳ ಮೇಲೆ ಸವಾರಿ ಮಾಡಿಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಮನೆಯೊಳಗೆ ಇರುವ ರೀತಿ

ಈ ಮನೆಗಳನ್ನು ಕಟ್ಟಿದಾಗ ಎಸಿ ಇರಲಿಲ್ಲ, ಕಿಟಕಿಯ ಮರದ ರೆಕ್ಕೆಗಳೇ ಎಸಿ. ಬೆಳಗ್ಗೆ ಬೇಗ ಎದ್ದು ಎದುರು ಬದುರು ಕಿಟಕಿ ತೆಗೆದು ತಂಪು ಗಾಳಿ ಒಳಗೆ ಬಿಟ್ಟುಕೊಳ್ಳಿ. ಬಿಸಿಲು ಗೋಡೆಗೆ ಬೀಳುವ ಮುಂಚೆ ಆ ಕಡೆಯ ರೆಕ್ಕೆ ಮುಚ್ಚಿ, ಓರೆ ಪಟ್ಟಿಗಳ ಸಂದಿಯಿಂದ ಗಾಳಿಯಾಡುತ್ತದೆ, ಬಿಸಿಲು ಬರುವುದಿಲ್ಲ. ಸಂಜೆ ಮತ್ತೆ ತೆಗೆಯಿರಿ. ದಪ್ಪ ಕಲ್ಲಿನ ಗೋಡೆ ಬೆಳಗಿನ ತಂಪನ್ನು ಗಂಟೆಗಟ್ಟಲೆ ಹಿಡಿದಿಡುತ್ತದೆ. ಇದನ್ನು ಬಿಟ್ಟು ಹಗಲೆಲ್ಲಾ ಕಿಟಕಿ ತೆರೆದು ಹೊರಗೆ ಹೋದರೆ ರಾತ್ರಿ ಎಸಿ ಹಾಕಿದರೂ ರೂಮ್ ತಣಿಯುವುದಿಲ್ಲ. ಗಾಳಿ ಜೋರಿದ್ದ ದಿನ ರೆಕ್ಕೆಗಳನ್ನು ಕೊಕ್ಕೆಗೆ ಸಿಕ್ಕಿಸಿ, ಇಲ್ಲದಿದ್ದರೆ ಬಡಿದು ಗಾಜು ಒಡೆಯುತ್ತದೆ.

ಮಧ್ಯಾಹ್ನದ ವಿಶ್ರಾಂತಿ ಅಲ್ಲಿ ನಿಯಮ. ಬೇಸಿಗೆ ಕಾಲದಲ್ಲಿ 3ರಿಂದ 5.30, ರಾತ್ರಿ 11ರಿಂದ ಬೆಳಗ್ಗೆ 7 ಗಲಾಟೆ ಮಾಡುವ ಹಾಗಿಲ್ಲ. ಅಂಗಳದಲ್ಲಿ ಜೋರು ಫೋನ್ ಮಾತು, ಮರದ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ಎರಡೂ ಬೇಡ.

ಟಾಯ್ಲೆಟ್ ಪೇಪರ್ ಕಮೋಡಿಗೆ ಹಾಕಬೇಡಿ, ಪಕ್ಕದಲ್ಲಿ ಮುಚ್ಚಳದ ಬುಟ್ಟಿ ಇರುತ್ತದೆ. ಪೈಪ್ ಸಣ್ಣದು, ಕಟ್ಟಿಕೊಂಡರೆ ಹಳೇ ಗೋಡೆ ಒಡೆದು ರಿಪೇರಿ ಮಾಡಬೇಕಾಗುತ್ತದೆ. ಸಣ್ಣ ಮನೆಗಳಲ್ಲಿ ಬಿಸಿನೀರಿಗೆ ಗೀಸರ್ ಸ್ವಿಚ್ ಫ್ಯೂಸ್ ಪೆಟ್ಟಿಗೆಯಲ್ಲೇ ಇರುತ್ತದೆ, ಸ್ನಾನಕ್ಕೆ ಸ್ವಲ್ಪ ಮುಂಚೆ ಹಾಕಿ ಆಮೇಲೆ ಆರಿಸಬೇಕು, ಬಂದ ದಿನವೇ ತೋರಿಸಿಕೊಳ್ಳಿ. ನಲ್ಲಿ ನೀರು ಕುಡಿಯಬಹುದಾ ಅಂತ ಪ್ರತಿ ದ್ವೀಪದಲ್ಲೂ ಕೇಳಿ. ಎಷ್ಟೋ ಕಡೆ ಅದು ಸಮುದ್ರದ ನೀರನ್ನು ಸಿಹಿ ಮಾಡಿದ್ದು. ಮೊದಲು ಈ ಮನೆಗಳು ಚಾವಣಿಯ ಮಳೆನೀರನ್ನು ಅಂಗಳದ ಕೆಳಗಿನ ತೊಟ್ಟಿಗೆ ಇಳಿಸಿ ವರ್ಷವಿಡೀ ಬಳಸುತ್ತಿದ್ದವು. ಅದು ತಿಳಿದಿದ್ದರೆ ಶವರ್ ಸುಮ್ನೆ ಬಿಟ್ಟು ನಿಲ್ಲಲು ಮನಸ್ಸು ಬರುವುದಿಲ್ಲ ಅಲ್ವಾ?

ಒದ್ದೆ ಈಜುಡುಪನ್ನು ಹಳೇ ಕುರ್ಚಿ, ಬಾಲ್ಕನಿಯ ಕೆತ್ತನೆ ಮೇಲೆ ಹಾಕಬೇಡಿ. ಅಂಗಳದಲ್ಲಿ ಹಗ್ಗ ಇರುತ್ತದೆ, ಕೇಳಿದರೆ ತೋರಿಸುತ್ತಾರೆ. ಚಿತ್ರವಿರುವ ಗೋಡೆಗೆ ಬ್ಯಾಗ್ ಒರಗಿಸಬೇಡಿ. ಕರೆಂಟ್ 230 ವೋಲ್ಟ್, ಪ್ಲಗ್ ಎರಡು ದುಂಡು ಕಡ್ಡಿಯದು. ರೂಮಿನಲ್ಲಿ ಸಾಕೆಟ್ ಒಂದೋ ಎರಡೋ ಇರುತ್ತದೆ, ಅದಕ್ಕೆ ತಕ್ಕ ಹಾಗೆ ಚಾರ್ಜರ್ ಒಯ್ಯಿರಿ.

ಬೆಳಗಿನ ತಿಂಡಿ ಸಾಮಾನ್ಯವಾಗಿ ಅಂಗಳದಲ್ಲೇ, ಆತುರ ಮಾಡಬೇಡಿ. ಹಿಯೋಸ್‌ನಲ್ಲಿ ಮ್ಯಾಂಡರಿನ್ ಅಥವಾ ಹುಳಿ ಕಿತ್ತಳೆಯನ್ನು ಸಕ್ಕರೆ ಪಾಕದಲ್ಲಿ ಬೇಯಿಸಿದ ಸಿಹಿಯನ್ನು ಒಂದು ಚಮಚ ತಟ್ಟೆಗೆ ಹಾಕಿ ಕೊಡುತ್ತಾರೆ, ಸಿರೋಸ್‌ನಲ್ಲಿ ಸಾನ್ ಮಿಹಾಲಿ ಚೀಸ್, ಲೂಕೂಮಿ ಅನ್ನುವ ಮೆತ್ತನೆಯ ಸಕ್ಕರೆ ಮಿಠಾಯಿ, ಹೈಡ್ರಾದಲ್ಲಿ ಅಮಿಗ್ದಲೋತಾ ಅನ್ನುವ ಬಾದಾಮಿ ಸಿಹಿ. ಮಾಂಸ ಮೀನು ತಿನ್ನದವರು ಊಟದ ಸಮಯದಲ್ಲಿ ‘ನಿಸ್ತಿಸಿಮೊ’ ಏನಿದೆ ಅಂತ ಕೇಳಿ. ಅದು ಚರ್ಚಿನ ಉಪವಾಸದ ಅಡುಗೆ, ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಆಕ್ಟೋಪಸ್, ಸಿಗಡಿ ಉಪವಾಸಕ್ಕೆ ನಡೆಯುತ್ತದೆ, ಆದ್ದರಿಂದ ಅದೂ ಬೇಡ ಅಂತ ಬಿಡಿಸಿ ಹೇಳಬೇಕು. ದೊಡ್ಡ ಬಿಳಿ ಕಾಳಿನ ಯಿಗಾಂದೆಸ್, ಬೇಳೆಯನ್ನು ನುಣ್ಣಗೆ ಬೇಯಿಸಿದ ಫಾವಾ, ತರಕಾರಿಯ ಬ್ರಿಯಾಮ್ ಎಲ್ಲಾ ಕಡೆ ಸಿಗುತ್ತದೆ.

ಮನೆಯನ್ನು ನೋಡುವುದು ಹೇಗೆ ಅಂತಲೂ ಹೇಳಬೇಕು. ಬಂದ ದಿನ ಅಥವಾ ಮರುದಿನ, ಮ್ಯೂಸಿಯಂ ಆಗಿರುವ ಒಂದು ಮಹಲಿಗೆ ಹೋಗಿ ಬನ್ನಿ. ಹೈಡ್ರಾದಲ್ಲಿ ಲಾಜರೋಸ್ ಕುಂಡುರಿಯೋಟಿಸ್ ಮನೆ ಇದೆ, ಬಂದರಿನ ಪಶ್ಚಿಮಕ್ಕೆ ಎತ್ತರದಲ್ಲಿ ಹಳದಿ ಬಣ್ಣದ್ದು, ರಾಷ್ಟ್ರೀಯ ಇತಿಹಾಸ ಮ್ಯೂಸಿಯಂ ಅದನ್ನು ನೋಡಿಕೊಳ್ಳುತ್ತದೆ. ಸ್ಪೆಟ್ಸೆಸ್‌ನಲ್ಲಿ 1821ರ ಯುದ್ಧದ ನಾಯಕಿ ಬೂಬುಲೀನಾಳ ಮನೆ. ಕಾಂಪೋಸ್‌ನಲ್ಲಿ ಕಿತ್ತಳೆ ನಿಂಬೆಯ ಕಥೆ ಹೇಳುವ ಸಣ್ಣ ಮ್ಯೂಸಿಯಂ. ಅಲ್ಲಿ ಪೀಠೋಪಕರಣ ಇದ್ದ ಜಾಗದಲ್ಲೇ ಇರುತ್ತದೆ, ಯಾವ ಕೋಣೆ ಯಾಕೆ ಅಂತ ಬರೆದಿರುತ್ತಾರೆ. ಅದನ್ನು ನೋಡಿ ವಾಪಸ್ಸು ಬಂದರೆ ನಿಮ್ಮ ಹೋಟೆಲಿನ ಗೋಡೆಯ ಗೂಡು, ಅಂಗಳದ ಕಬ್ಬಿಣದ ಮುಚ್ಚಳ, ಅಗತ್ಯಕ್ಕಿಂತ ಅಗಲ ಅನ್ನಿಸಿದ ಮೆಟ್ಟಿಲು, ಒಂದೊಂದೂ ಮಾತಾಡತೊಡಗುತ್ತದೆ.

ಆಮೇಲೆ ಮನೆಯವರನ್ನು ಕೇಳಿ. ಯಾರು ಕಟ್ಟಿಸಿದರು, ಯಾವಾಗ ಕೈ ಬದಲಾಯಿತು, ರಿಪೇರಿಯಲ್ಲಿ ಏನು ಸಿಕ್ಕಿತು? ಸುಣ್ಣದ ಪದರ ಕೆರೆದಾಗ ಚಿತ್ರ ಕಂಡದ್ದು, ಚಾವಣಿ ಸರಿ ಮಾಡುವ ಮರಗೆಲಸದವರಿಗಾಗಿ ಹುಡುಕಾಡಿದ್ದು, ಇಂಥದ್ದನ್ನು ಹೇಳಲು ಅವರಿಗೆ ಬಲು ಇಷ್ಟ. ಬೆಳಗಿನ ಕೆಲಸದ ಹೊತ್ತಿನಲ್ಲಿ ಕೇಳಬೇಡಿ, ಸಂಜೆ ಕಾಫಿ ಹೊತ್ತು ಸರಿ. ಬೇರೆ ರೂಮುಗಳನ್ನೂ ತೋರಿಸುತ್ತೀರಾ ಅಂತ ಕೇಳಿ. ಖಾಲಿ ಇದ್ದರೆ ಖುಷಿಯಿಂದ ತೋರಿಸುತ್ತಾರೆ, ಮುಂದಿನ ಸಲ ಯಾವ ರೂಮ್ ಕೇಳಬೇಕು ಅಂತಲೂ ನಿಮಗೆ ಗೊತ್ತಾಗುತ್ತದೆ.

ಕನಿಷ್ಠ ಮೂರು ರಾತ್ರಿ ಇಟ್ಟುಕೊಳ್ಳಿ. ಅದರಲ್ಲಿ ಒಂದು ದಿನ ಎಲ್ಲಿಗೂ ಹೋಗುವ ಪ್ಲಾನ್ ಬೇಡ. ಬೆಳಕು ಬೆಳಗಿನಿಂದ ಸಂಜೆಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವುದನ್ನು ನೋಡಲಿಕ್ಕೇ ಒಂದು ದಿನ ಬೇಕು. ಒಂದೇ ರಾತ್ರಿಗೆ ಬಂದು ಬೆಳಗ್ಗೆ ಫೆರಿಗೆ ಓಡುವುದಾದರೆ ಬಂದರಿನ ಪಕ್ಕದ ಸಾಧಾರಣ ಹೋಟೆಲ್ ಸಾಕು.

ಹೊರಡುವ ಹಿಂದಿನ ಸಂಜೆಯೇ ಲೆಕ್ಕ ಚುಕ್ತಾ ಮಾಡಿ, ಹವಾಮಾನ ಶುಲ್ಕದ ರಸೀದಿ ಕೇಳಿ ತೆಗೆದುಕೊಳ್ಳಿ. ಗ್ರೀಸ್‌ನಲ್ಲಿ ಕಾರ್ಡ್ ಎಲ್ಲಾ ಕಡೆ ನಡೆಯುತ್ತದೆ, ಲಗೇಜ್ ಹೊರುವವರಿಗೆ, ರೂಮ್ ಚೊಕ್ಕಟ ಮಾಡಿದವರಿಗೆ ಮಾತ್ರ ಚಿಲ್ಲರೆ ನೋಟು ಇರಲಿ. ನಿಮ್ಮ ಫೆರಿ ಮಧ್ಯಾಹ್ನದ ಮೇಲಿದ್ದರೆ ಬ್ಯಾಗನ್ನು ಅಲ್ಲೇ ಬಿಟ್ಟು ತಿರುಗಾಡಿ ಬರಬಹುದು, ಗಾಳಿ ಜೋರಿದ್ದ ದಿನ ಮಾತ್ರ ಬೆಳಗ್ಗೆ ಎದ್ದ ತಕ್ಷಣ ಮನೆಯವರಿಗೆ ಹೇಳಿ ಬಂದರು ಕಚೇರಿಗೆ ಒಂದು ಫೋನ್ ಮಾಡಿಸಿ. ಹಡಗು ಬರುತ್ತದೋ ಇಲ್ಲವೋ ಅಂತ ಖಚಿತವಾಗುವ ಮುಂಚೆ ರೂಮ್ ಬಿಟ್ಟುಕೊಡಬೇಡಿ.